ಕೇಳಿ, ಹೇಳುತ್ತೇನೆ: ಹರಿದ ಕ್ಯೂಆರ್ ಕೋಡ್, ಕಪಾಟು ಸೇರಿದ್ದ ಪ್ರಬಂಧ, ತೊದಲುವ ವಿಡಿಯೊ ಕಾಲ್

ಈ ತಿಂಗಳ ಪತ್ರಗಳು ಎರಡು ಬಗೆಯವು. ಕೆಲವರಿಗೆ "ಇದು ಹೇಗೆ ಕೆಲಸ ಮಾಡುತ್ತದೆ?" ಎಂಬ ಕುತೂಹಲ, ಉಳಿದವರಿಗೆ "ಇದು ಯಾಕೆ ಕೆಲಸ ಮಾಡುತ್ತಿಲ್ಲ?" ಎಂಬ ಸಿಟ್ಟು. ದತ್ತಾಂಶ ಹರಿಯುವ ಮಾರ್ಗಗಳಲ್ಲಿ ಎಷ್ಟು ಬಿಟ್ (0 ಅಥವಾ 1 ಎಂಬ ಗುರುತು) ಕೆಡುತ್ತವೆ ಎಂದು ಅಳೆಯುವುದೇ ನನ್ನ ನೌಕರಿಯಾಗಿತ್ತು. ಹಾಗಾಗಿ ಎರಡೂ ನನಗೆ ಒಂದೇ ಪ್ರಶ್ನೆಯ ಎರಡು ಮುಖ. ದಾರಿಯಲ್ಲಿ ಏನೋ ಒಂದು ಕೆಟ್ಟೇ ಕೆಡುತ್ತದೆ, ಅದಕ್ಕೆ ಮೊದಲೇ ಏನು ಏರ್ಪಾಡು ಮಾಡಿಕೊಂಡಿದ್ದೀರಿ ಎಂಬುದರ ಮೇಲೆ ಎಲ್ಲ ನಿಂತಿದೆ.

ಮೇಡಂ, ಗೋಡೆಗೆ ಅಂಟಿಸಿದ್ದ ಒಂದು ಕ್ಯೂಆರ್ ಕೋಡ್ ಸಾಕಷ್ಟು ಹರಿದಿದ್ದರೂ ಫೋನ್ ತಟ್ಟನೆ ಓದಿತು. ಇನ್ನೊಂದರಲ್ಲಿ ಒಂದು ಮೂಲೆ ಮಾತ್ರ ಮಾಸಿತ್ತು, ಏನು ಮಾಡಿದರೂ ಓದಲಿಲ್ಲ. ಮಕ್ಕಳು ಕೇಳಿದರೆ ಏನು ಹೇಳಲಿ?
— ಹೈಸ್ಕೂಲ್ ವಿಜ್ಞಾನ ಶಿಕ್ಷಕ

ಮೊದಲು ಮೂಲೆಯ ವಿಷಯ ಹೇಳಿಬಿಡುತ್ತೇನೆ. ಕೋಡಿನ ಮೂರು ಮೂಲೆಗಳಲ್ಲಿ ಚೌಕದೊಳಗೊಂದು ಚೌಕ ಇರುತ್ತದಲ್ಲ, ಕ್ಯಾಮೆರಾ ಮೊದಲು ಹುಡುಕುವುದು ಅದನ್ನೇ. ಆ ಚೌಕದ ನಡುವೆ ಒಂದು ಗೆರೆ ಎಳೆದರೆ ಕಪ್ಪು, ಬಿಳಿ, ಕಪ್ಪು, ಬಿಳಿ, ಕಪ್ಪು ಪಟ್ಟಿಗಳ ಅಗಲ 1:1:3:1:1 ಅನುಪಾತದಲ್ಲಿ ಬರುತ್ತದೆ. ಅಡ್ಡ ಎಳೆಯಿರಿ, ಉದ್ದ ಎಳೆಯಿರಿ, ಓರೆ ಎಳೆಯಿರಿ, ಅನುಪಾತ ಬದಲಾಗುವುದಿಲ್ಲ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯಲ್ಲಿ ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಇದನ್ನು ರೂಪಿಸಿದ ಮಸಾಹಿರೊ ಹಾರಾ ಮತ್ತು ಸಂಗಡಿಗರು ಪತ್ರಿಕೆ, ಕರಪತ್ರ, ರಟ್ಟಿನ ಪೆಟ್ಟಿಗೆಗಳ ಮೇಲಿನ ಮುದ್ರಣವನ್ನೆಲ್ಲ ಜಾಲಾಡಿ, ಮಾಮೂಲಿ ಮುದ್ರಣದಲ್ಲಿ ಅತಿ ಅಪರೂಪವಾಗಿ ಸಿಗುವ ಅನುಪಾತ ಇದೆಂದು ಆರಿಸಿಕೊಂಡರು. ಈ ಮೂಲೆ ಅಳಿಸಿದರೆ ಫೋನಿಗೆ ಕೋಡ್ ಎಲ್ಲಿದೆ ಎಂಬುದೇ ತಿಳಿಯದು, ಒಳಗಿನದನ್ನು ಸರಿಪಡಿಸುವ ಮಾತು ಆಮೇಲಿನದು.

ಉಳಿದ ಜಾಗ ಹರಿದರೂ ನಡೆಯುವುದಕ್ಕೆ ಕಾರಣ ಕ್ಯೂಆರ್ ಕೋಡಿಗಿಂತ ತುಂಬಾ ಹಳೆಯದು. 1960ರಲ್ಲಿ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಬರೆದ ಐದೇ ಪುಟದ ಒಂದು ಗಣಿತ ಲೇಖನ ಅದು. ಅದರ ತಿರುಳನ್ನು ಬೋರ್ಡಿನ ಮೇಲೆ ಹೀಗೆ ತೋರಿಸಬಹುದು. ಕಳಿಸಬೇಕಾದ್ದು 3 ಮತ್ತು 2 ಎಂಬ ಎರಡೇ ಸಂಖ್ಯೆ ಎಂದಿಟ್ಟುಕೊಳ್ಳಿ. ಅವನ್ನೇ ಕಳಿಸಬೇಡಿ. 3ರಿಂದ ಹೊರಟು ಹೆಜ್ಜೆಗೆ 2ರಂತೆ ಏರುವ ಸರಳರೇಖೆ ಎಳೆದು, ಅದರ ಮೇಲಿನ ನಾಲ್ಕು ಎತ್ತರಗಳನ್ನು ಕಳಿಸಿ: 5, 7, 9, 11. ದಾರಿಯಲ್ಲಿ 9 ಕೆಟ್ಟು 4 ಆಯಿತು. ಆಚೆಯವರ ಕೈಗೆ ಸಿಕ್ಕಿದ್ದು 5, 7, 4, 11. ಈ ನಾಲ್ಕು ಚುಕ್ಕಿಗಳಲ್ಲಿ ಮೂರನ್ನು ಮುಟ್ಟುವ ಸರಳರೇಖೆ ಎಷ್ಟು ಹುಡುಕಿದರೂ ಒಂದೇ ಸಿಗುತ್ತದೆ. ಮೂರನೆಯದು ಕೆಟ್ಟಿದೆ ಎಂದೂ ಗೊತ್ತಾಯಿತು, ಅದು 9 ಆಗಿರಬೇಕಿತ್ತು ಎಂದೂ ಗೊತ್ತಾಯಿತು. ಮಕ್ಕಳ ಕೈಯಲ್ಲೇ ಒಂದು ಸಂಖ್ಯೆ ಕೆಡಿಸಲು ಹೇಳಿ ನೋಡಿ, ತರಗತಿ ಎದ್ದು ಕೂರುತ್ತದೆ.

ರೀಡ್ ಮತ್ತು ಸಾಲೊಮನ್ ಸರಳರೇಖೆಯ ಬದಲು ಹೆಚ್ಚು ಘಾತದ ವಕ್ರರೇಖೆ ತೆಗೆದುಕೊಂಡರು, ಸಂಖ್ಯೆಗಳು ಅಳತೆ ಮೀರಿ ಬೆಳೆಯದ ಒಂದು ವಿಶೇಷ ಅಂಕಗಣಿತ ಬಳಸಿದರು. ವ್ಯತ್ಯಾಸ ಅಷ್ಟೇ. ಕ್ಯೂಆರ್ ಕೋಡಿನಲ್ಲಿ ಈ ರಕ್ಷಣೆಗೆ ನಾಲ್ಕು ಮಟ್ಟಗಳಿವೆ: ಸುಮಾರು 7, 15, 25 ಮತ್ತು 30 ಶೇಕಡಾ ಹಾಳಾದರೂ ಸರಿಪಡಿಸಬಲ್ಲವು. ನಡುವೆ ಚಿತ್ರ ಕೂರಿಸಿದ ಕೋಡ್ ನೋಡಿರುತ್ತೀರಿ. ಆ ಚಿತ್ರ ಯಂತ್ರದ ಲೆಕ್ಕದಲ್ಲಿ ಬೇಕೆಂದೇ ಮಾಡಿದ ಹಾನಿ. ಅದಕ್ಕಾಗಿಯೇ 30 ಶೇಕಡಾದ ಮಟ್ಟ ಆರಿಸಿರುತ್ತಾರೆ. ಅಂಥದ್ದು ಹರಿದರೆ ತಡೆದುಕೊಳ್ಳುವ ಶಕ್ತಿ ಕಡಿಮೆ, ರಕ್ಷಣೆಯ ಬಹುಪಾಲನ್ನು ಚಿತ್ರವೇ ತಿಂದುಹಾಕಿರುತ್ತದೆ.

ಇದೇ ಗಣಿತ 1982ರಲ್ಲಿ ಬಂದ ಸಿ.ಡಿ.ಯಲ್ಲಿ ಗೀರುಗಳನ್ನು ಮರೆಮಾಚಿತು. ವೊಯೇಜರ್ 2 ನೌಕೆ 1986ರಲ್ಲಿ ಯುರೇನಸ್‌ನಿಂದ, 1989ರಲ್ಲಿ ನೆಪ್ಚೂನ್‌ನಿಂದ ಕಳಿಸಿದ ಚಿತ್ರಗಳನ್ನು ಕಾಪಾಡಿದ್ದೂ ಇದೇ.

ಕನ್ನಡದಲ್ಲಿ ಎಸ್ಸೆಮ್ಮೆಸ್ ಟೈಪ್ ಮಾಡಿದರೆ ಎರಡು ಸಾಲಿಗೇ "2 ಸಂದೇಶ" ಎಂದು ತೋರಿಸುತ್ತದೆ. ಇಂಗ್ಲಿಷಿನಲ್ಲಿ ಹಾಗಾಗುವುದಿಲ್ಲ. ಕನ್ನಡಕ್ಕೇಕೆ ಈ ತಾರತಮ್ಯ?
— ನಿವೃತ್ತ ಬ್ಯಾಂಕ್ ಉದ್ಯೋಗಿ

ತಾರತಮ್ಯದ ಹಿಂದೆ ದ್ವೇಷವಿಲ್ಲ, ಇರುವುದು 140 ಬೈಟ್‌ಗಳ ಒಂದು ಪೆಟ್ಟಿಗೆ. ಕರೆ ಜೋಡಿಸಲು ಫೋನ್ ಮತ್ತು ಟವರ್ ತಮ್ಮೊಳಗೆ ಮಾತಾಡಿಕೊಳ್ಳುವ ನಿಯಂತ್ರಣ ಮಾರ್ಗದಲ್ಲಿ ಒಂದಿಷ್ಟು ಜಾಗ ಖಾಲಿ ಇರುತ್ತಿತ್ತು. ಅದರಲ್ಲಿ ಚಿಕ್ಕ ಸಂದೇಶ ತೂರಿಸಬಹುದು ಎಂಬುದೇ ಎಸ್ಸೆಮ್ಮೆಸ್‌ನ ಮೂಲ ಯೋಚನೆ. ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ 1985ರಲ್ಲಿ ಟೈಪ್‌ರೈಟರ್ ಮುಂದೆ ಕೂತು ವಾಕ್ಯಗಳನ್ನು ಬರೆದು ಎಣಿಸಿ, ಪೋಸ್ಟ್‌ಕಾರ್ಡ್‌ಗಳನ್ನೂ ಟೆಲೆಕ್ಸ್‌ಗಳನ್ನೂ ನೋಡಿ, 160 ಅಕ್ಷರ ಸಾಕು ಎಂದರು. 140 ಬೈಟ್ ಎಂದರೆ 1120 ಬಿಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ 7 ಬಿಟ್, ಭಾಗಿಸಿದರೆ 160. ಕನ್ನಡದ ಒಂದೊಂದು ಸಂಕೇತಕ್ಕೆ 16 ಬಿಟ್, ಭಾಗಿಸಿದರೆ 70.

ಅದೂ 70 ಅಕ್ಷರವಲ್ಲ ಎಂಬುದನ್ನು ಗಮನಿಸಿ. "ಸ್ತ್ರೀ" ಎಂದು ಬರೆದರೆ ಕಣ್ಣಿಗೆ ಕಾಣುವುದು ಒಂದೇ ಅಕ್ಷರ. ಯಂತ್ರಕ್ಕೆ ಅದು ಸ, ಒತ್ತಕ್ಷರ ಜೋಡಿಸುವ ವಿರಾಮ ಚಿಹ್ನೆ (್), ತ, ಮತ್ತೆ ವಿರಾಮ ಚಿಹ್ನೆ, ರ, ದೀರ್ಘ ಈ-ಕಾರದ ಗುರುತು, ಹೀಗೆ ಆರು ಸಂಕೇತ. "ಸ್ತ್ರೀಶಕ್ತಿ" ಎಂದರೆ ಮುಗಿಯಿತು, ಮೂರು ಅಕ್ಷರದ ಪದಕ್ಕೆ ಹನ್ನೊಂದು. ಉದ್ದ ಸಂದೇಶವಾದರೆ ತುಂಡುಗಳನ್ನು ಜೋಡಿಸುವ ಮಾಹಿತಿಯೂ ಜಾಗ ಕೇಳುತ್ತದೆ, ಆಗ ತುಂಡಿಗೆ 67 ಸಂಕೇತವಷ್ಟೇ. ಒಂದು ಪ್ರಯೋಗ ಮಾಡಿ: 150 ಅಕ್ಷರದ ಇಂಗ್ಲಿಷ್ ಸಂದೇಶ ಬರೆದು, ಕೊನೆಗೆ ಒಂದೇ ಒಂದು "ಅ" ಸೇರಿಸಿ. ಇಡೀ ಸಂದೇಶ 16 ಬಿಟ್‌ಗೆ ಹೊರಳಿ, ಒಂದು ಇದ್ದದ್ದು ಮೂರಾಗುತ್ತದೆ.

ಪರಿಹಾರ ಇಲ್ಲದಿಲ್ಲ. ಕನ್ನಡವೂ ಸೇರಿದಂತೆ ಹಲವು ಭಾಷೆಗಳಿಗೆ 7 ಬಿಟ್‌ನ ಪ್ರತ್ಯೇಕ ಕೋಷ್ಟಕಗಳನ್ನು ಮೊಬೈಲ್ ಮಾನದಂಡದಲ್ಲೇ ಸೇರಿಸಿದ್ದಾರೆ. ಆದರೆ ಕಳಿಸುವ ಫೋನ್, ಪಡೆಯುವ ಫೋನ್ ಎರಡಕ್ಕೂ ಆ ಕೋಷ್ಟಕ ಗೊತ್ತಿರಬೇಕು. ಮಾನದಂಡದ ಪುಸ್ತಕದಲ್ಲಿರುವುದೆಲ್ಲ ಕೈಯಲ್ಲಿನ ಫೋನಿಗೆ ಇಳಿದುಬರುತ್ತದೆ ಎಂದು ನಂಬಬೇಡಿ.

ನಾನು ಎಂ.ಟೆಕ್. ವಿದ್ಯಾರ್ಥಿನಿ. ದೋಷ ತಿದ್ದುವ ಸಂಕೇತಗಳ ಸಿದ್ಧಾಂತದ ಮೇಲೆ ಕೆಲಸ ಮಾಡುವ ಆಸೆ. "ಇದರಿಂದ ಯಾರಿಗೇನು ಉಪಯೋಗ? ಒಂದು ಆ್ಯಪ್ ಮಾಡು" ಎನ್ನುತ್ತಾರೆ ಗೆಳತಿಯರು. ಅವರ ಮಾತು ಸರಿಯೆ?
— ಹೆಸರು ಬೇಡ ಎಂದಿದ್ದಾರೆ

ನಿಮ್ಮ ಗೆಳತಿಯರ ಮಾತನ್ನು 1960ರಲ್ಲಿ ಹೇಳಿದ್ದರೆ ಯಾರೂ ಅಲ್ಲಗಳೆಯುತ್ತಿರಲಿಲ್ಲ. ಆ ವರ್ಷ ಎಂಐಟಿಯಲ್ಲಿ ರಾಬರ್ಟ್ ಗ್ಯಾಲಗರ್ ಎಂಬ ವಿದ್ಯಾರ್ಥಿ ಡಾಕ್ಟರೇಟಿಗೆ ಒಂದು ಪ್ರಬಂಧ ಕೊಟ್ಟರು. ಅದಕ್ಕೆ ಹನ್ನೆರಡು ವರ್ಷ ಹಿಂದೆ, 1948ರಲ್ಲಿ, ಬೆಲ್ ಲ್ಯಾಬ್ಸ್‌ನ ಕ್ಲಾಡ್ ಶಾನನ್ ಒಂದು ಗಡಿ ಹಾಕಿದ್ದರು: ಗದ್ದಲವಿರುವ ಯಾವುದೇ ಮಾರ್ಗಕ್ಕೂ ಒಂದು ವೇಗಮಿತಿ ಇದೆ, ಅದರೊಳಗೆ ಇದ್ದರೆ ತಪ್ಪುಗಳನ್ನು ಬೇಕಾದಷ್ಟು ಕಡಿಮೆ ಮಾಡಬಹುದು. ಮಾಡಬಹುದು ಎಂದರೇ ಹೊರತು ಹೇಗೆ ಎಂದು ಹೇಳಲಿಲ್ಲ. ಗಣಿತಜ್ಞರು ಕೆಲವೊಮ್ಮೆ ಹೀಗೆ ನಮ್ಮನ್ನು ಬಾಗಿಲಲ್ಲಿ ಬಿಟ್ಟು ಹೋಗುತ್ತಾರೆ.

ಗ್ಯಾಲಗರ್ ತೋರಿಸಿದ ದಾರಿ ಬಲು ಚಂದ. ಪ್ರತಿ ಬಿಟ್ಟೂ ಕೆಲವೇ ಕೆಲವು ತಾಳೆ ನೋಡುವ ಸಮೀಕರಣಗಳಲ್ಲಿ ಪಾಲ್ಗೊಳ್ಳುತ್ತದೆ, ಪ್ರತಿ ಸಮೀಕರಣವೂ ಕೆಲವೇ ಬಿಟ್‌ಗಳನ್ನು ನೋಡುತ್ತದೆ. "ನಾನು 1 ಇರಬಹುದು, ಆದರೆ ಅಷ್ಟು ಖಾತ್ರಿಯಿಲ್ಲ" ಎಂದು ಬಿಟ್ ಹೇಳುತ್ತದೆ. "ಉಳಿದವರನ್ನು ನೋಡಿದರೆ ನೀನು 0 ಇರುವ ಸಂಭವವೇ ಹೆಚ್ಚು" ಎಂದು ಸಮೀಕರಣ ಮರುನುಡಿಯುತ್ತದೆ. ಈ ಸಂವಾದ ಕೆಲವು ಸುತ್ತು ನಡೆದರೆ ಬಹುಪಾಲು ಬಿಟ್‌ಗಳು ಸರಿಯಾದ ಜಾಗಕ್ಕೆ ಬಂದು ಕೂರುತ್ತವೆ. ತೊಂದರೆ ಒಂದೇ, ಅಷ್ಟು ಲೆಕ್ಕ ಮಾಡುವ ಸಾಮರ್ಥ್ಯ ಆ ಕಾಲದ ಯಂತ್ರಗಳಿಗಿರಲಿಲ್ಲ. ಪ್ರಬಂಧ ಪುಸ್ತಕವಾಗಿ ಅಚ್ಚಾಯಿತು, ಕಪಾಟು ಸೇರಿತು. 1981ರಲ್ಲಿ ಮೈಕಲ್ ಟ್ಯಾನರ್ ಅದನ್ನು ಮುಂದುವರಿಸಿದ್ದನ್ನೂ ಹೆಚ್ಚು ಜನ ಗಮನಿಸಲಿಲ್ಲ.

1993ರಲ್ಲಿ ಫ್ರಾನ್ಸಿನ ಕ್ಲೋಡ್ ಬೆರೂ ಮತ್ತು ಸಂಗಡಿಗರು ಟರ್ಬೊ ಸಂಕೇತಗಳನ್ನು ಮುಂದಿಟ್ಟರು. ಶಾನನ್ ಗಡಿಯ ಇಷ್ಟು ಹತ್ತಿರ ಹೋಗಲು ಸಾಧ್ಯವೇ ಇಲ್ಲ, ಎಲ್ಲೋ ಲೆಕ್ಕ ತಪ್ಪಿದೆ ಎಂದು ಬಲ್ಲವರೇ ಅನುಮಾನಪಟ್ಟರು. ಲೆಕ್ಕ ತಪ್ಪಿರಲಿಲ್ಲ. ಅದೇ ಬಗೆಯ ಸುತ್ತುಸುತ್ತಿನ ಸಂವಾದ ಅಲ್ಲೂ ಇತ್ತು. ಅದಾದ ಎರಡು ಮೂರು ವರ್ಷಗಳಲ್ಲಿ ಕೇಂಬ್ರಿಜ್‌ನ ಡೇವಿಡ್ ಮೆಕೇ ಮತ್ತು ಟೊರೊಂಟೊದ ರ‍್ಯಾಡ್‌ಫರ್ಡ್ ನೀಲ್ ಗ್ಯಾಲಗರ್ ಸಂಕೇತಗಳನ್ನು ಕಪಾಟಿನಿಂದ ಇಳಿಸಿ, ಹೊಸ ಕಂಪ್ಯೂಟರಿನಲ್ಲಿ ಓಡಿಸಿ ತೋರಿಸಿದರು. ಅವು ಉಪಗ್ರಹ ಟಿ.ವಿ. ಪ್ರಸಾರಕ್ಕೆ ಬಂದವು, ವೈಫೈಗೆ ಬಂದವು. 2016ರಲ್ಲಿ 5ಜಿ ಮಾನದಂಡ ರೂಪಿಸುವವರು ದತ್ತಾಂಶ ಮಾರ್ಗಕ್ಕೆ ಆರಿಸಿಕೊಂಡದ್ದೂ ಅವನ್ನೇ.

ಅದೇ 5ಜಿಯ ನಿಯಂತ್ರಣ ಮಾರ್ಗದಲ್ಲಿ ಬೇರೊಂದು ಸಂಕೇತವಿದೆ. ಟರ್ಕಿಯ ಬಿಲ್ಕೆಂತ್ ವಿಶ್ವವಿದ್ಯಾಲಯದ ಎರ್ದಾಲ್ ಅರಿಕಾನ್ 2009ರಲ್ಲಿ ಪ್ರಕಟಿಸಿದ ಪೋಲಾರ್ ಸಂಕೇತ ಅದು. ಅರಿಕಾನ್ ಎಂಐಟಿಯಲ್ಲಿ ಡಾಕ್ಟರೇಟ್ ಮಾಡಿದ್ದು ಇದೇ ಗ್ಯಾಲಗರ್ ಮಾರ್ಗದರ್ಶನದಲ್ಲಿ. ಗುರುವಿನ ಸಂಕೇತ ಒಂದು ಮಾರ್ಗದಲ್ಲಿ, ಶಿಷ್ಯನದು ಇನ್ನೊಂದರಲ್ಲಿ, ಎರಡೂ ಒಂದೇ ಫೋನಿನೊಳಗೆ. 5ಜಿಗೆ ಬರಲು ಗುರುವಿನದು ಅರ್ಧ ಶತಮಾನಕ್ಕೂ ಹೆಚ್ಚು ಕಾಯಿತು, ಶಿಷ್ಯನದು ಹತ್ತು ವರ್ಷದೊಳಗೆ ಕೈಗೆ ಬಂತು.

ಇದನ್ನು ಕೇಳಿ "ನನ್ನದೂ ಐವತ್ತು ವರ್ಷದ ಮೇಲೆ ಉಪಯೋಗಕ್ಕೆ ಬರುತ್ತದೆ" ಎಂದು ನೆಮ್ಮದಿಯಾಗಿ ಕೂರಬೇಡಿ. ಕಪಾಟು ಸೇರಿದ ಪ್ರಬಂಧಗಳಲ್ಲಿ ಬಹುಪಾಲು ಅಲ್ಲೇ ಇವೆ. ನನ್ನ ಸಲಹೆ ಇಷ್ಟು: ಸಿದ್ಧಾಂತವನ್ನೇ ಹಿಡಿಯಿರಿ, ಆದರೆ ನಿಮ್ಮ ಸಂಕೇತವನ್ನು ಒಂದು ಅಗ್ಗದ ಮೈಕ್ರೊಕಂಟ್ರೋಲರ್ ಮೇಲೆ ಓಡಿಸಿ, ಒಂದು ಬಿಟ್ ಬಿಡಿಸಲು ಎಷ್ಟು ಶಕ್ತಿ, ಎಷ್ಟು ಸಮಯ ಹಿಡಿಯಿತು ಎಂಬ ಒಂದು ಕೋಷ್ಟಕ ಪ್ರಬಂಧದಲ್ಲಿರಲಿ. ಗ್ಯಾಲಗರ್‌ಗೆ ಇಲ್ಲದಿದ್ದದ್ದು ಬುದ್ಧಿಯಲ್ಲ, ಕಡಿಮೆ ಖರ್ಚಿನಲ್ಲಿ ಲೆಕ್ಕ ಮಾಡುವ ಚಿಪ್. ನಿಮಗೆ ಅದು ಸಲೀಸಾಗಿ ಸಿಗುತ್ತದೆ. ಇನ್ನು ಆ್ಯಪ್ ಮಾಡುವವರ ಬಗ್ಗೆ ಕೀಳರಿಮೆ ಬೇಡ, ಅಹಂಕಾರವೂ ಬೇಡ.

ವೇಗ ಪರೀಕ್ಷೆ ಮಾಡಿದರೆ ಕಂಪನಿ ಹೇಳಿದಷ್ಟೂ ಬರುತ್ತದೆ. ಆದರೂ ಮನೆಯಲ್ಲಿ ಯಾರಾದರೂ ಫೋಟೊ, ವಿಡಿಯೊ ಅಪ್‌ಲೋಡ್ ಮಾಡಿದ ಕೂಡಲೇ ನನ್ನ ವಿಡಿಯೊ ಕಾಲ್ ತೊದಲುತ್ತದೆ. ದೊಡ್ಡ ಪ್ಲಾನ್ ಹಾಕಿಸಿಕೊಂಡರೂ ಅದೇ ಕತೆ.
— ಮನೆಯಿಂದ ಕೆಲಸ ಮಾಡುವ ಅಕೌಂಟೆಂಟ್

ಇನ್ನೂ ದೊಡ್ಡ ಪ್ಲಾನಿಗೆ ಹಣ ಕಟ್ಟುವ ಮುಂಚೆ ಇದನ್ನು ಓದಿ.

1986ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ನಲವತ್ತು ಸಾವಿರವಲ್ಲ, ನಲವತ್ತು. ಎರಡು ಜಾಗಗಳ ನಡುವೆ ಇದ್ದ ಅಂತರ 400 ಗಜ. ನಡೆದುಕೊಂಡು ಹೋಗಿ ಹೇಳಿಬಂದಿದ್ದರೆ ಬೇಗ ಆಗುತ್ತಿತ್ತು. ತಂತಿ ಕೆಟ್ಟಿರಲಿಲ್ಲ. ಮಾರ್ಗದಲ್ಲಿ ದಟ್ಟಣೆಯಾಗಿ ಪ್ಯಾಕೆಟ್, ಅಂದರೆ ದತ್ತಾಂಶದ ಒಂದು ತುಂಡು, ಕಳೆದುಹೋದರೆ ಪ್ರತಿ ಕಂಪ್ಯೂಟರೂ ಅದನ್ನು ಮತ್ತೆ ಕಳಿಸುತ್ತಿತ್ತು, ಅದರಿಂದ ದಟ್ಟಣೆ ಇನ್ನೂ ಹೆಚ್ಚುತ್ತಿತ್ತು. ಸಂತೆಯ ಗದ್ದಲದಲ್ಲಿ ಕೇಳಿಸಲಿಲ್ಲವೆಂದು ಎಲ್ಲರೂ ಇನ್ನಷ್ಟು ಜೋರಾಗಿ ಕೂಗಿದ ಹಾಗೆ. ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರ ಹೀಗಿತ್ತು: ನಿಧಾನವಾಗಿ ಶುರು ಮಾಡು, ವೇಗ ಏರಿಸುತ್ತ ಹೋಗು, ಪ್ಯಾಕೆಟ್ ಕಳೆಯಿತೋ, ತಕ್ಷಣ ಇಳಿಸು. ಅಂದರೆ ಪ್ಯಾಕೆಟ್ ನಷ್ಟವಾಗುವುದೇ ಕಂಪ್ಯೂಟರುಗಳಿಗೆ ಸಿಗುವ ಎಚ್ಚರಿಕೆ.

ನಿಮ್ಮ ಮನೆಯ ಸಮಸ್ಯೆ ಹುಟ್ಟುವುದು ಇಲ್ಲೇ. ಮೆಮೊರಿ ಅಗ್ಗವಾಯಿತು, ಮೋಡೆಮ್ ಮತ್ತು ರೂಟರ್ ತಯಾರಕರು ಒಂದು ಪ್ಯಾಕೆಟ್ಟೂ ಕಳೆಯಬಾರದೆಂದು ದೊಡ್ಡ ದೊಡ್ಡ ಬಫರ್, ಅಂದರೆ ಪ್ಯಾಕೆಟ್‌ಗಳು ಸರದಿ ಕಾಯುವ ಜಾಗ, ಇಟ್ಟರು. ಕಳೆಯದಿದ್ದರೆ ಎಚ್ಚರಿಕೆಯೂ ಇಲ್ಲ. ಅಪ್‌ಲೋಡ್ ಮಾಡುವ ಫೋನ್ ಬಫರ್ ತುಂಬುವವರೆಗೂ ತುರುಕುತ್ತಲೇ ಇರುತ್ತದೆ. ಲೆಕ್ಕ ಹಾಕೋಣ. ಬಫರ್ 1 ಮೆಗಾಬೈಟ್, ಅಂದರೆ 80 ಲಕ್ಷ ಬಿಟ್. ಅಪ್‌ಲೋಡ್ ವೇಗ ಸೆಕೆಂಡಿಗೆ 20 ಲಕ್ಷ ಬಿಟ್. ಹಾಗಿದ್ದರೆ ನಿಮ್ಮ ಧ್ವನಿಯ ಪ್ಯಾಕೆಟ್ ಆ ಸಾಲಿನ ಬಾಲದಲ್ಲಿ ನಾಲ್ಕು ಸೆಕೆಂಡ್ ನಿಲ್ಲಬೇಕು. ಮಾತುಕತೆ ಸರಾಗವಾಗಿರಲು ಒಂದು ಕಡೆಗೆ 150 ಮಿಲಿಸೆಕೆಂಡಿಗಿಂತ ಹೆಚ್ಚು ತಡ ಆಗಬಾರದು ಎನ್ನುತ್ತದೆ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ. ಮಾಮೂಲಿ ವೇಗ ಪರೀಕ್ಷೆಯಲ್ಲಿ ಎದ್ದು ಕಾಣುವುದು ಸೆಕೆಂಡಿಗೆ ಎಷ್ಟು ಬಿಟ್ ಹರಿಯಿತು ಎಂಬುದಷ್ಟೇ, ಒಂದು ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಎಂಬುದಲ್ಲ. ಬರೀ ವೇಗದ ಅಂಕಿ ನೋಡಿ ಸಂಪರ್ಕವನ್ನು ಮೆಚ್ಚುವವರನ್ನು ಕಂಡರೆ ನನಗೆ ಮೊದಲಿಂದಲೂ ಸಿಡುಕು.

ಈಗ ಮಾಡಬೇಕಾದ್ದು. ಒಂದು ಪುಟ್ಟ ಪ್ಯಾಕೆಟ್ ಹೋಗಿ ಬರಲು ಹಿಡಿದ ಸಮಯ ತೋರಿಸುವ ಪಿಂಗ್ ಕಮಾಂಡ್ ಕಂಪ್ಯೂಟರಿನಲ್ಲಿ ಓಡಲು ಬಿಡಿ. ಸುಮ್ಮನಿರುವಾಗ ಬರುವ ಮಿಲಿಸೆಕೆಂಡ್ ಬರೆದುಕೊಳ್ಳಿ. ಆಮೇಲೆ ಫೋನಿನಿಂದ ಒಂದು ದೊಡ್ಡ ವಿಡಿಯೊ ಅಪ್‌ಲೋಡ್ ಶುರು ಮಾಡಿ ಅದೇ ಪಿಂಗ್ ನೋಡಿ. 20 ಇದ್ದದ್ದು 30 ಆದರೆ ಚಿಂತೆಯಿಲ್ಲ. 600, 900 ಎಂದು ಹಾರಿದರೆ ನಿಮ್ಮ ಶತ್ರು ಬಫರ್ರೇ. 2010ರ ಹೊತ್ತಿಗೆ ಜಿಮ್ ಗೆಟಿಸ್ ತಮ್ಮ ಮನೆಯ ಸಂಪರ್ಕದಲ್ಲೇ ಇದನ್ನು ಹಿಡಿದು ಬಫರ್‌ಬ್ಲೋಟ್ ಎಂದು ಹೆಸರಿಟ್ಟರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ವ್ಯಾನ್ ಜೇಕಬ್ಸನ್ ಮದ್ದನ್ನೂ ಕಂಡುಹಿಡಿದರು: ಸಾಲಿನ ಉದ್ದ ನೋಡಬೇಡ, ಪ್ಯಾಕೆಟ್ ಎಷ್ಟು ಹೊತ್ತು ನಿಂತಿದೆ ನೋಡು, ಬಹಳ ಹೊತ್ತಿನಿಂದ ನಿಲ್ಲುತ್ತಿದ್ದರೆ ಒಂದೆರಡನ್ನು ಬೇಕೆಂದೇ ಬೀಳಿಸು. ನಿಮ್ಮ ರೂಟರಿನ ಸೆಟ್ಟಿಂಗ್‌ನಲ್ಲಿ ಎಸ್‌ಕ್ಯೂಎಂ (SQM, ಸಾಲನ್ನು ಜಾಣತನದಿಂದ ನಿಭಾಯಿಸುವ ವ್ಯವಸ್ಥೆ) ಎಂದು ಇದೆಯೇ ಹುಡುಕಿ. ಇದ್ದರೆ ಚಾಲೂ ಮಾಡಿ, ಅಪ್‌ಲೋಡ್ ಮಿತಿಯನ್ನು ಅಳೆದ ವೇಗದ 90 ಶೇಕಡಾದಷ್ಟಕ್ಕೆ ಇಡಿ. ಸಾಲು ಮೋಡೆಮಿನಲ್ಲಿ ಬೆಳೆಯದೆ, ಬುದ್ಧಿಯಿರುವ ರೂಟರಿನ ಕೈಗೆ ಬರುತ್ತದೆ. ವೇಗ ತುಸು ಕಡಿಮೆಯಾಗಿ ಕಾಲ್ ಸರಿಹೋಗುತ್ತದೆ. ಆ ಸೆಟ್ಟಿಂಗ್ ಇಲ್ಲದಿದ್ದರೆ ಮುಂದಿನ ರೂಟರ್ ಕೊಳ್ಳುವಾಗ ಆಂಟೆನಾ ಎಣಿಸುವ ಬದಲು ಇದನ್ನು ಕೇಳಿ.

ವೈಫೈ ಕಂಡುಹಿಡಿದದ್ದು ಕಪ್ಪುಕುಳಿ ಹುಡುಕುವಾಗ ಎಂದು ಓದಿದೆ. ನಿಜವೇ?
— ಪಿಯುಸಿ ವಿದ್ಯಾರ್ಥಿ

ಅರ್ಧ ನಿಜ. ಆಸ್ಟ್ರೇಲಿಯಾದ ಜಾನ್ ಒ'ಸಲ್ಲಿವನ್ 1970ರ ದಶಕದಲ್ಲಿ ಸಿಡಿಯುವ ಪುಟ್ಟ ಕಪ್ಪುಕುಳಿಗಳ ರೇಡಿಯೊ ಸಂಕೇತ ಹುಡುಕಿದ್ದು ನಿಜ. ಸಿಗಲಿಲ್ಲ. ಮಸುಕಾದ ಸಂಕೇತವನ್ನು ಹೆಕ್ಕಿ ತೆಗೆಯುವ ಗಣಿತದಲ್ಲಿ ಪಳಗಿದ್ದು ಮಾತ್ರ ಉಳಿಯಿತು. 1990ರ ದಶಕದಲ್ಲಿ ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದ ಅವರ ತಂಡ, ಕೋಣೆಯೊಳಗೆ ಗೋಡೆಗೋಡೆಗೆ ಬಡಿದು ಹಲವು ದಾರಿಯಲ್ಲಿ ಬರುವ ರೇಡಿಯೊ ಅಲೆಗಳ ಕಲಸುಮೇಲೋಗರವನ್ನು ಬಿಡಿಸುವ ವಿಧಾನ ರೂಪಿಸಿ 1996ರಲ್ಲಿ ಅಮೆರಿಕದ ಪೇಟೆಂಟ್ ಪಡೆಯಿತು. ಆದರೆ ಒಂದೇ ತರಂಗವನ್ನು ಹಲವರು ಹಂಚಿಕೊಳ್ಳುವ ಉಪಾಯದ ಬೇರು 1971ರ ಹವಾಯಿಯ ಅಲೋಹಾನೆಟ್ ಎಂಬ ರೇಡಿಯೊ ಜಾಲದಲ್ಲಿದೆ, ಮಾನದಂಡ ಬರೆದವರು ಬೇರೆ. ಒಬ್ಬರೇ ಕಂಡುಹಿಡಿದರು ಎಂಬ ಸಂದೇಶ ಫಾರ್ವರ್ಡ್ ಆಗಿ ಬಂದರೆ ಮುಂದೆ ತಳ್ಳಬೇಡಿ.

ನಮ್ಮ ಸಂಸ್ಥೆ ಶಾಲಾ ಮಕ್ಕಳಿಗೆ ಟ್ಯಾಬ್ಲೆಟ್ ಹಂಚಬೇಕೆಂದಿದೆ. ಸಂಶೋಧನೆ ಏನು ಹೇಳುತ್ತದೆ? ಉಪಯೋಗ ಆಗುತ್ತದೆಯೇ?
— ಸ್ವಯಂಸೇವಾ ಸಂಸ್ಥೆಯ ಕಾರ್ಯಕರ್ತೆ

ಹಂಚಿದ ಮಾತ್ರಕ್ಕೆ ಆಗುವುದಿಲ್ಲ. ಪೆರು ದೇಶದ ಗ್ರಾಮೀಣ ಭಾಗದ 319 ಪ್ರಾಥಮಿಕ ಶಾಲೆಗಳಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಯೋಜನೆಯನ್ನು ಸಂಶೋಧಕರು ಲಾಟರಿ ಎತ್ತಿದಂತೆ ಹಂಚಿ ಪರೀಕ್ಷಿಸಿದರು. ಸುಮಾರು ಹದಿನೈದು ತಿಂಗಳ ನಂತರ ನೋಡಿದರೆ ಕಂಪ್ಯೂಟರ್ ಬಳಕೆ ಬಹಳ ಹೆಚ್ಚಿತ್ತು, ಗಣಿತ ಮತ್ತು ಭಾಷೆಯ ಅಂಕಗಳಲ್ಲಿ ಸುಧಾರಣೆಯ ಪುರಾವೆ ಸಿಗಲಿಲ್ಲ. ಸಾಮಾನ್ಯ ಬೌದ್ಧಿಕ ಪರೀಕ್ಷೆಗಳಲ್ಲಿ ಮಾತ್ರ ಕೊಂಚ ಏರಿಕೆ ಕಂಡಿತು.

ಇದರ ಪಕ್ಕದಲ್ಲಿ ಕೆನ್ಯಾದ ಎಂ-ಪೆಸಾ ಎಂಬ ಮೊಬೈಲ್ ಹಣದ ಸೇವೆಯನ್ನು ಇಟ್ಟು ನೋಡಿ. 2005ರಲ್ಲಿ ಅದನ್ನು ಪ್ರಯೋಗಕ್ಕೆ ಇಳಿಸಿದ್ದು ಕಿರುಸಾಲದ ಕಂತು ಕಟ್ಟಿಸಿಕೊಳ್ಳಲು. ಜನ ಅದನ್ನು ಒಬ್ಬರಿಗೊಬ್ಬರು ಹಣ ಕಳಿಸಲು ಬಳಸತೊಡಗಿದರು. ನಡೆಸುವವರು ಹಟ ಹಿಡಿಯಲಿಲ್ಲ, 2007ರಲ್ಲಿ ಹಣ ಕಳಿಸುವ ಸೇವೆಯಾಗಿಯೇ ಬಿಡುಗಡೆ ಮಾಡಿದರು. ಇಂಟರ್ನೆಟ್ ಬೇಡ, ಬಟನ್ ಫೋನ್ ಸಾಕು. 2016ರಲ್ಲಿ ತವ್ನೀತ್ ಸೂರಿ ಮತ್ತು ವಿಲಿಯಂ ಜ್ಯಾಕ್ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ ಅದು 1,94,000 ಕುಟುಂಬಗಳನ್ನು, ಅಂದರೆ ಆ ದೇಶದ 2 ಶೇಕಡಾ ಕುಟುಂಬಗಳನ್ನು, ಬಡತನದಿಂದ ಮೇಲೆತ್ತಿತ್ತು.

ಗೆದ್ದದ್ದು ಯಂತ್ರವಲ್ಲ, ಜನ ಹೇಗೆ ಬಳಸುತ್ತಾರೆಂದು ನೋಡಿ ಬದಲಾದದ್ದು. ಹಾಗಾಗಿ ನಿಮ್ಮ ಸಂಸ್ಥೆಗೆ ನನ್ನ ಮಾತು: ಎಲ್ಲ ಶಾಲೆಗಳಿಗೂ ಒಂದೇ ದಿನ ಹಂಚಬೇಡಿ. ಅರ್ಧ ಶಾಲೆಗಳನ್ನು ಚೀಟಿ ಎತ್ತಿ ಆರಿಸಿ, ಉಳಿದವಕ್ಕೆ ಮುಂದಿನ ವರ್ಷ ಕೊಡಿ, ಎರಡೂ ಕಡೆ ಒಂದೇ ಪರೀಕ್ಷೆ ಇಡಿ. ಟ್ಯಾಬ್ಲೆಟ್ ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ ಎಂಬುದಕ್ಕೆ ಉತ್ತರವಿಲ್ಲದೆ ಕೊಳ್ಳಲೇಬೇಡಿ. ಶಿಕ್ಷಕರನ್ನು ಕೇಳದೆ ಪಾಠ ತುಂಬಬೇಡಿ. ಉದ್ಘಾಟನೆಯ ಫೋಟೊ ಫಲಿತಾಂಶವಲ್ಲ.

ಕ್ವಾಂಟಂ ಕಂಪ್ಯೂಟರ್ ಬಂದರೆ ನಮ್ಮ ಪಾಸ್‌ವರ್ಡ್‌ಗಳೆಲ್ಲ ಬಯಲಾಗುತ್ತವಂತೆ. ಈಗಲೇ ಏನಾದರೂ ಮಾಡಬೇಕೇ?
— ಗೃಹಿಣಿ

ನೀವು ಮಾಡಬೇಕಾದ್ದು ಆ್ಯಪ್‌ಗಳನ್ನು ಅಪ್‌ಡೇಟ್ ಮಾಡುವುದಷ್ಟೇ. 1994ರಲ್ಲಿ ಪೀಟರ್ ಶೋರ್ ತೋರಿಸಿದ ವಿಧಾನದಿಂದ ಅಪಾಯ ಇರುವುದು ಕೀಲಿ ಹಂಚಿಕೊಳ್ಳುವ ಗೂಢಲಿಪಿಗೆ, ಅದಕ್ಕೆ ಬೇಕಾದಷ್ಟು ದೊಡ್ಡ ಯಂತ್ರ ಇನ್ನೂ ಇಲ್ಲ. ಗುಪ್ತ ಸಂದೇಶಗಳನ್ನು ಈಗ ಕದ್ದಿಟ್ಟುಕೊಂಡು ಮುಂದೆ ಬಿಡಿಸುವವರ ಭಯದಿಂದಲೇ 2024ರ ಆಗಸ್ಟ್‌ನಲ್ಲಿ ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ ಹೊಸ ಮಾನದಂಡಗಳನ್ನು ಹೊರಡಿಸಿತು. ಕೆಲವು ಮೆಸೇಜಿಂಗ್ ಆ್ಯಪ್‌ಗಳು ಅದಕ್ಕೂ ಮುಂಚೆಯೇ ಬದಲಾಗಿವೆ. ಸದ್ಯಕ್ಕೆ ನಿಮ್ಮ ಪಾಸ್‌ವರ್ಡ್‌ಗೆ ಕ್ವಾಂಟಂ ಯಂತ್ರಕ್ಕಿಂತ ದೊಡ್ಡ ಶತ್ರು, ಒಟಿಪಿ ಕೇಳುವ ಫೋನ್ ಕರೆ.

ಮುಂದಿನ ಸಂಚಿಕೆಗೆ ನೆಟ್‌ವರ್ಕ್ ದೂರು ಬರೆಯುವವರು ದಯವಿಟ್ಟು ಪಿಂಗ್ ಅಂಕಿಗಳನ್ನೂ ಬರೆಯಿರಿ: ಸುಮ್ಮನಿರುವಾಗಿನದೊಂದು, ಅಪ್‌ಲೋಡ್ ನಡೆಯುವಾಗಿನದೊಂದು. "ನೆಟ್ ಸರಿಯಿಲ್ಲ" ಎಂಬ ಒಂದೇ ಸಾಲಿನ ಪತ್ರಗಳಿಗೆ ಉತ್ತರ ಬರೆಯಲು ನನಗೆ ಜ್ಯೋತಿಷ್ಯ ಬರುವುದಿಲ್ಲ.